ಜೋಪಾನವಾಗಿ ಸುತ್ತಿಟ್ಟ ಬೆಳ್ಳಿ ಡಬ್ಬಿ ಕಪ್ಪಾಗಿದೆ, ದಿನಾ ಬಳಸುವ ಚಮಚ ಹೊಳೆಯುತ್ತಿದೆ. ಯಾಕೆ?

ಪುಟ್ಟಹಕ್ಕಿ:

ಎಲ್ಲರಿಗೂ ನಮಸ್ಕಾರ. ಅಜ್ಜಿ ನನಗೆ ಎರಡು ಬೆಳ್ಳಿ ಸಾಮಾನು ಬಿಟ್ಟು ಹೋಗಿದ್ದಾರೆ. ಒಂದು ಸಣ್ಣ ಚಮಚ. ಇನ್ನೊಂದು ಅಂಗೈಯಲ್ಲಿ ಹಿಡಿಸುವ ದುಂಡನೆಯ ಡಬ್ಬಿ. ಅದರ ಮುಚ್ಚಳದ ಮೇಲೆ ಬಳ್ಳಿ, ಎಲೆ, ನಡುವೆ ಒಂದು ಪುಟ್ಟ ಹಕ್ಕಿಯ ಕೆತ್ತನೆ ಇದೆ. ಚಿಕ್ಕವಳಿದ್ದಾಗ ಆ ಹಕ್ಕಿಯ ರೆಕ್ಕೆಯ ಗೆರೆಗಳ ಮೇಲೆ ಉಗುರು ಆಡಿಸುತ್ತಾ ಅಜ್ಜಿಯ ಪಕ್ಕದಲ್ಲಿ ಕೂತಿರುತ್ತಿದ್ದೆ. ಅದಕ್ಕೇ ಅದನ್ನು ನನಗೆ ಕೊಟ್ಟರು.

ಡಬ್ಬಿ ಹಾಳಾಗಬಾರದು ಅಂತ ಬಹಳ ಜೋಪಾನ ಮಾಡಿದೆ. ಹಳೆಯ ಉಣ್ಣೆ ಶಾಲಿನ ಒಂದು ತುಂಡಿನಲ್ಲಿ ಸುತ್ತಿದೆ. ಬಿಚ್ಚಿಕೊಳ್ಳದಿರಲಿ ಅಂತ ಮೇಲೆ ಎರಡು ರಬ್ಬರ್ ಬ್ಯಾಂಡ್ ಹಾಕಿದೆ. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೀರುವಿನ ತಳದಲ್ಲಿ ಇಟ್ಟೆ. ನಾಲ್ಕು ವರ್ಷ ಯಾರೂ ಮುಟ್ಟಿಲ್ಲ. ಕಳೆದ ವಾರ ತೆಗೆದು ನೋಡಿದಾಗ ಎದೆ ಧಸಕ್ಕೆಂದಿತು. ಡಬ್ಬಿಯ ಬದಿಯೆಲ್ಲ ಕಂದು. ಕೆಲವು ಕಡೆ ನೇರಳೆ, ನೀಲಿ, ಎಣ್ಣೆ ಚೆಲ್ಲಿದ ನೀರಿನ ಮೇಲೆ ಕಾಣುವಂಥ ಬಣ್ಣ. ಮುಚ್ಚಳದ ಮೇಲೆ ಆಚೆಯಿಂದ ಈಚೆಗೆ ಎರಡು ಕಪ್ಪು ಗೆರೆಗಳು, ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಒಂದು ಗೆರೆ ಹಕ್ಕಿಯ ಕುತ್ತಿಗೆಯ ಮೇಲೇ ಹಾದು ಹೋಗಿದೆ.

ಚಮಚವನ್ನು ಮಾತ್ರ ನಾನು ದಿನಾ ಬಳಸುತ್ತೇನೆ. ತೊಳೆದು ಒರೆಸಿಡುವುದು ಬಿಟ್ಟರೆ ಅದಕ್ಕೆ ಯಾವ ಆರೈಕೆಯೂ ಇಲ್ಲ. ಅದು ಹೊಳೆಯುತ್ತಿದೆ!

ಮನೆಗೆ ಬಂದವರೊಬ್ಬರು ಡಬ್ಬಿ ನೋಡಿ, "ಇದು ಬೆರಕೆ ಬೆಳ್ಳಿ, ಒಳ್ಳೆಯದಾಗಿದ್ದರೆ ಕಪ್ಪಾಗುತ್ತಿರಲಿಲ್ಲ" ಅಂದರು. ಆ ಮಾತು ಮನಸ್ಸಿಗೆ ಚುಚ್ಚಿತು. ಎರಡರ ತಳದಲ್ಲೂ 925 ಅಂತ ಮುದ್ರೆ ಇದೆ. ಹಾಗಿದ್ದರೆ ಒಂದು ಕಪ್ಪಾಗಿ ಇನ್ನೊಂದು ಬೆಳ್ಳಗೆ ಇರುವುದು ಹೇಗೆ? ಕೆತ್ತನೆಗೆ ಏಟಾಗದ ಹಾಗೆ ಇದನ್ನು ಶುಚಿ ಮಾಡಬಹುದಾ? ಮುಂದೆ ಹೇಗೆ ಇಡಬೇಕು?

ಬೆಳಗಿನಬಿಸಿಲು:

ಇಷ್ಟಕ್ಕೆಲ್ಲ ಹೆದರಬೇಡಿ. ಹಳೇ ಬ್ರಷ್ಷಿಗೆ ಟೂತ್‌ಪೇಸ್ಟ್ ಹಾಕಿ ಚೆನ್ನಾಗಿ ಉಜ್ಜಿ. ಐದು ನಿಮಿಷದಲ್ಲಿ ಫಳಫಳ ಅನ್ನುತ್ತದೆ. ನಾನು ನನ್ನ ಬಳೆಗಳಿಗೆ ಯಾವಾಗಲೂ ಹಾಗೇ ಮಾಡುವುದು.

ಕುಲುಮೆ:

ಪುಟ್ಟಹಕ್ಕಿ ಅವರೇ, ದಯವಿಟ್ಟು ಟೂತ್‌ಪೇಸ್ಟ್ ಹಚ್ಚಬೇಡಿ. ನಾನು ಇಪ್ಪತ್ತೆರಡು ವರ್ಷದಿಂದ ಬೆಳ್ಳಿ ಕೆಲಸ ಮಾಡುತ್ತಿದ್ದೇನೆ. ಹಾಗೆ ಉಜ್ಜಿ ಉಜ್ಜಿ ಮುಖ ಕಳೆದುಕೊಂಡ ಸಾಮಾನುಗಳು ವಾರಕ್ಕೆ ಒಂದಾದರೂ ನನ್ನ ಮೇಜಿಗೆ ಬರುತ್ತವೆ.

ಬೆಳ್ಳಿ ಮೆತ್ತಗಿನ ಲೋಹ. ಮೋಹ್ಸ್ ಗಡಸುತನದ ಅಳತೆಯಲ್ಲಿ ಅದಕ್ಕೆ ಸಿಗುವುದು 2.5ರಿಂದ 3 ಅಷ್ಟೇ. ಟೂತ್‌ಪೇಸ್ಟಿನಲ್ಲಿರುವ ಸಣ್ಣ ಹರಳುಗಳು ಹಲ್ಲಿನ ಎನಾಮಲ್‌ಗೆ ತಕ್ಕಂತೆ ಮಾಡಿದವು. ಎನಾಮಲ್ ಬೆಳ್ಳಿಗಿಂತ ಬಹಳ ಗಟ್ಟಿ. ಉಜ್ಜಿದ ತಕ್ಷಣ ಹೊಳಪು ಬಂದ ಹಾಗೆ ಕಾಣುತ್ತದೆ ನಿಜ. ಭೂತಗನ್ನಡಿಯಲ್ಲಿ ನೋಡಿದರೆ ಸಾವಿರಾರು ಗೀರು. ಬೆಳಗಿನಬಿಸಿಲು ಅವರೇ, ನಿಮ್ಮ ಬಳೆ ನಯವಾದದ್ದಾದರೆ ಅದನ್ನು ಮತ್ತೆ ಪಾಲಿಷ್ ಮಾಡಿಕೊಡಬಹುದು. ಹೋದ ಕೆತ್ತನೆಯನ್ನು ಮಾತ್ರ ನಾನು ಮತ್ತೆ ತಂದುಕೊಡಲಾರೆ.

ಇನ್ನೊಂದು ಮಾತು. ಬಳ್ಳಿ, ಎಲೆ, ಹಕ್ಕಿ ಅಂದಿರಿ. ಅಂಥ ಕೆಲಸದಲ್ಲಿ ಗೆರೆಗಳ ಆಳದಲ್ಲಿರುವ ಕಪ್ಪನ್ನು ಎಷ್ಟೋ ಸಲ ಕೆಲಸಗಾರನೇ ಬೇಕೆಂದು ಹಾಕಿರುತ್ತಾನೆ. ಗಂಧಕ ಬೆರೆತ ದ್ರಾವಣ ಹಚ್ಚಿ ಪೂರ್ತಿ ಕಪ್ಪು ಮಾಡಿ, ಆಮೇಲೆ ಉಬ್ಬಿದ ಭಾಗವನ್ನಷ್ಟೇ ಒಪ್ಪ ಹಾಕುತ್ತೇವೆ. ಆಗ ರೆಕ್ಕೆಯ ಒಂದೊಂದು ಗರಿಯೂ ಎದ್ದು ಕಾಣುತ್ತದೆ. ನೀವು ಅದನ್ನೂ ಕೊಳೆ ಅಂತ ತೆಗೆದುಬಿಟ್ಟರೆ ಹಕ್ಕಿ ಸಪ್ಪೆಯಾಗಿಬಿಡುತ್ತದೆ. ಹಳೆಯ ಫೋಟೋ ಇದ್ದರೆ ಮೊದಲು ಅದನ್ನು ನೋಡಿ.

ಬೆರಕೆ ಅಂದವರ ಮಾತು ತಲೆಗೆ ಹಚ್ಚಿಕೊಳ್ಳಬೇಡಿ. 925 ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಬಹಳ ಮೆದು, ಡಬ್ಬಿ ಮಾಡಿದರೆ ಬೇಗ ನೆಗ್ಗುತ್ತದೆ. ಗಟ್ಟಿ ಬರಲಿ ಅಂತಲೇ ತಾಮ್ರ ಸೇರಿಸುವುದು. ತಾಮ್ರ ಇರುವುದರಿಂದ ಸ್ವಲ್ಪ ಬೇಗ ಕಪ್ಪಾಗುತ್ತದೆ, ಹೌದು. ಆದರೆ ಅಪ್ಪಟ ಬೆಳ್ಳಿಯೂ ಕಪ್ಪಾಗಿಯೇ ಆಗುತ್ತದೆ.

ಉಗ್ರಾಣದವನು:

ಕುಲುಮೆಯವರು ಹೇಳಿದ್ದು ಅಕ್ಷರಶಃ ಸರಿ. ನಾನು ಒಂದು ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ಲೋಹದ ಸಾಮಾನುಗಳ ಕಪಾಟುಗಳೇ ನನ್ನ ಜವಾಬ್ದಾರಿಯಾಗಿದ್ದವು. ನಿಮ್ಮ ಪ್ರಶ್ನೆ ಓದುವಾಗ ಎರಡು ಕಡೆ ನಿಂತುಬಿಟ್ಟೆ. ಒಂದು ಉಣ್ಣೆ. ಇನ್ನೊಂದು ರಬ್ಬರ್ ಬ್ಯಾಂಡ್. ಡಬ್ಬಿಯನ್ನು ಕಪ್ಪು ಮಾಡಿದ್ದು ಈ ಎರಡೇ ಅಂತ ನನಗೆ ಹೆಚ್ಚು ಕಡಿಮೆ ಖಾತ್ರಿ.

ಬೆಳ್ಳಿ ಕಪ್ಪಾಗುವುದನ್ನು ಜನ ತುಕ್ಕು ಅಂದುಕೊಳ್ಳುತ್ತಾರೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಆಮ್ಲಜನಕ ಮತ್ತು ನೀರಿನಿಂದ. ಬೆಳ್ಳಿಗೆ ಬರೀ ಆಮ್ಲಜನಕ ಏನೂ ಮಾಡುವುದಿಲ್ಲ. ಶುದ್ಧವಾದ ಒಣ ಗಾಳಿಯಲ್ಲಿ ಅದು ಎಷ್ಟು ಕಾಲ ಬೇಕಾದರೂ ಬೆಳ್ಳಗಿರುತ್ತದೆ. ಅದಕ್ಕೆ ಆಗದಿರುವುದು ಗಂಧಕ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಚೂರು ಚೂರು ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕಾರ್ಬೊನಿಲ್ ಸಲ್ಫೈಡ್ ಅಂತ ಇನ್ನೊಂದಿದೆ. ಇವುಗಳಲ್ಲಿರುವ ಗಂಧಕ ಬೆಳ್ಳಿಯ ಮೇಲ್ಮೈಗೆ ಅಂಟಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಆ ಕಪ್ಪು ಪದರ ಇದೇ. ಈ ಕೆಲಸಕ್ಕೆ ಸ್ವಲ್ಪ ತೇವವೂ ಬೇಕು, ಆಮ್ಲಜನಕವೂ ಬೇಕು.

ಅನಿಲ ಎಷ್ಟಿದ್ದರೆ ಸಾಕು ಅಂದರೆ ನಂಬುವುದು ಕಷ್ಟ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಬೆಳ್ಳಿ ಅದನ್ನು ಹಿಡಿಯುತ್ತದೆ. ನಮ್ಮ ಮೂಗಿಗೆ ಯಾವ ವಾಸನೆಯೂ ಬಂದಿರುವುದಿಲ್ಲ.

ಈಗ ನಿಮ್ಮ ಉಣ್ಣೆಗೆ ಬರೋಣ. ಉಣ್ಣೆ ಕುರಿಯ ಕೂದಲು. ಕೂದಲಿನ ಪ್ರೋಟೀನಿನಲ್ಲಿ ಗಂಧಕ ಜಾಸ್ತಿ. ಉಣ್ಣೆಯ ತೂಕದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಗಂಧಕವೇ ಇರುತ್ತದೆ. ಅದು ಹಳೆಯದಾಗುತ್ತಾ, ತೇವ ತಾಗುತ್ತಾ, ಬೆಳಕು ಬೀಳುತ್ತಾ ಒಂದಿಷ್ಟು ಗಂಧಕದ ಅನಿಲ ಬಿಡುತ್ತದೆ. ನೀವು ಆ ಉಣ್ಣೆಯನ್ನು ಡಬ್ಬಿಗೆ ಅಪ್ಪಿಸಿ, ಗಾಳಿ ಆಡದ ಮೂಲೆಯಲ್ಲಿ ನಾಲ್ಕು ವರ್ಷ ಬಿಟ್ಟಿರಿ. ಹೊರಗೆ ಹೋಗಲು ದಾರಿ ಇಲ್ಲದೆ ಅನಿಲ ಬೆಳ್ಳಿಯ ಪಕ್ಕದಲ್ಲೇ ನಿಂತಿತು.

ರಬ್ಬರ್ ಬ್ಯಾಂಡ್ ಇನ್ನೂ ಕೆಟ್ಟದ್ದು. ರಬ್ಬರಿಗೆ ಹಿಗ್ಗುವ, ಕುಗ್ಗುವ ಗುಣ ಬರುವುದೇ ಗಂಧಕ ಸೇರಿಸಿ ಕಾಯಿಸುವುದರಿಂದ. ಅದರಲ್ಲಿ ಬಿಡಿ ಗಂಧಕ ಉಳಿದಿರುತ್ತದೆ. ಬಟ್ಟೆಯ ಎರಡು ಮೂರು ಸುತ್ತು ದಾಟಿಯೂ ಅದು ಬೆಳ್ಳಿಗೆ ತಲುಪುತ್ತದೆ. ನಿಮ್ಮ ಎರಡು ನೆಟ್ಟಗಿನ ಗೆರೆಗಳನ್ನು ಎಳೆದ ಅಳತೆಪಟ್ಟಿ ಅದೇ. ನಮ್ಮ ಉಗ್ರಾಣಕ್ಕೆ ಒಂದು ಸಲ ಚಮಚಗಳ ಕಟ್ಟು ಬಂದಿತ್ತು. ಹನ್ನೆರಡು ಚಮಚ, ಹನ್ನೆರಡರ ಹಿಡಿಯ ಮೇಲೂ ಒಂದೇ ಎತ್ತರದಲ್ಲಿ ಕಪ್ಪು ಪಟ್ಟಿ. ರಬ್ಬರ್ ಯಾವತ್ತೋ ಪುಡಿಯಾಗಿ ಉದುರಿ ಹೋಗಿತ್ತು. ಅದು ಇದ್ದ ಜಾಗ ಮಾತ್ರ ಉಳಿದಿತ್ತು.

ಬಣ್ಣಗಳ ಬಗ್ಗೆ ಬರೆದಿದ್ದೀರಲ್ಲ, ಅದು ಓದಿ ನನಗೆ ಸಮಾಧಾನವಾಯಿತು. ಪದರ ತೀರಾ ತೆಳ್ಳಗಿದ್ದಾಗ ಬೆಳ್ಳಿ ತಿಳಿ ಹಳದಿಯಾಗಿ ಕಾಣುತ್ತದೆ. ದಪ್ಪವಾಗುತ್ತಾ ಹೋದಂತೆ ಕಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ಪದರದ ಮೇಲಿನಿಂದ ಒಂದಿಷ್ಟು, ತಳದಿಂದ ಒಂದಿಷ್ಟು ಬೆಳಕು ಹಿಂದಕ್ಕೆ ಬಂದು, ಎರಡೂ ಸೇರುವಾಗ ಹುಟ್ಟುವ ಬಣ್ಣ ಅದು. ನೀರಿನ ಮೇಲಿನ ಎಣ್ಣೆಯಲ್ಲೂ ಆಗುವುದು ಇದೇ, ನಿಮ್ಮ ಹೋಲಿಕೆ ಸರಿಯಾಗೇ ಇದೆ. ನೀಲಿ ಇನ್ನೂ ಕಾಣುತ್ತಿದೆ ಅಂದರೆ ಅಲ್ಲಿ ಪದರ ಕೂದಲೆಳೆಯ ದಪ್ಪದಲ್ಲಿ ಸಾವಿರದಲ್ಲೊಂದು ಪಾಲಿನಷ್ಟು. ಡಬ್ಬಿ ಹಾಳಾಗಿಲ್ಲ. ಗೆರೆಗಳ ಬಗ್ಗೆ ಮಾತ್ರ ನಾನು ಈಗಲೇ ಭರವಸೆ ಕೊಡುವುದಿಲ್ಲ. ರಬ್ಬರ್ ಕೆಲವು ಸಲ ಲೋಹವನ್ನೇ ಕೊರೆದಿರುತ್ತದೆ.

ಚಮಚ ಹೊಳೆಯುವುದಕ್ಕೆ ಕಾರಣ ನಿಮ್ಮ ಕೈ. ದಿನಾ ತೊಳೆದು, ದಿನಾ ಒರೆಸುತ್ತೀರಿ. ಪದರ ಕೂಡುವ ಮೊದಲೇ ಅಳಿಸಿ ಹೋಗುತ್ತದೆ.

ಅದಕ್ಕೇ ನಾನು ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ಹೇಳುತ್ತಿದ್ದೆ: ಬೆಳ್ಳಿ ಕಪ್ಪಾಗಿದ್ದರೆ ಮೊದಲು ಬೆಳ್ಳಿಯನ್ನು ನೋಡಬೇಡಿ, ಅದರ ಅಕ್ಕಪಕ್ಕ ಏನಿದೆ ನೋಡಿ. ಉಣ್ಣೆ, ಫೆಲ್ಟ್, ರಬ್ಬರ್, ಚರ್ಮ, ಹಳೇ ಪತ್ರಿಕೆ, ಅಗ್ಗದ ರಟ್ಟು, ಕೆಲವು ಬಣ್ಣ, ಕೆಲವು ಗೋಂದು. ಇವುಗಳನ್ನು ದೂರ ಇಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಪುಟ್ಟಹಕ್ಕಿ:

ಓದಿ ಒಂದು ಕ್ಷಣ ಸುಮ್ನೆ ಕೂತುಬಿಟ್ಟೆ. ಅಂದರೆ ನಾನು ಮಾಡಿದ ಜೋಪಾನವೇ ಅದನ್ನು ಕಪ್ಪು ಮಾಡಿತು. ರಬ್ಬರ್ ಬ್ಯಾಂಡ್‌ಗಳನ್ನು ಹುಡುಕಿದೆ. ಒಂದು ಗಟ್ಟಿಯಾಗಿ ತುಂಡಾಗಿ ಉಣ್ಣೆಗೆ ಅಂಟಿಕೊಂಡಿತ್ತು. ಡಬ್ಬಿಯ ಮೇಲಿನ ಗೆರೆಗೆ ಹಿಡಿದು ನೋಡಿದರೆ ಸರಿಯಾಗಿ ಅಷ್ಟೇ ಅಗಲ.

ಅಜ್ಜಿಯ ಜೊತೆ ತೆಗೆಸಿದ ಒಂದು ಫೋಟೋದಲ್ಲಿ ಡಬ್ಬಿ ಕಾಣುತ್ತದೆ. ಕುಲುಮೆ ಸರ್ ಹೇಳಿದ ಹಾಗೇ, ಆಗಲೂ ಎಲೆಗಳ ಸುತ್ತ ಕಪ್ಪು ಇತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು ಹಾಕಿದರೆ ಉಜ್ಜದೆಯೇ ಕಪ್ಪು ಹೋಗುತ್ತದೆ ಅಂತ ಕೇಳಿದ್ದೇನೆ. ಉಜ್ಜುವುದು ಬೇಡ ಅನ್ನುವುದಾದರೆ ಇದು ಒಳ್ಳೆಯದಲ್ವಾ?

ಬೀಕರ್:

ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಈ ಪ್ರಯೋಗವನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಅದಕ್ಕೇ ಇದರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುತ್ತೇನೆ.

ಬಟ್ಟಲಿನ ತಳದಲ್ಲಿ ಅಲ್ಯುಮಿನಿಯಂ ಹಾಳೆ, ಅದಕ್ಕೆ ತಾಗುವ ಹಾಗೆ ಬೆಳ್ಳಿ, ಮೇಲೆ ಸೋಡಾ ಬೆರೆಸಿದ ಬಿಸಿನೀರು. ಅಲ್ಯುಮಿನಿಯಂ ಬೆಳ್ಳಿಗಿಂತ ಬಹಳ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆ ಎಲೆಕ್ಟ್ರಾನ್‌ಗಳು ಬೆಳ್ಳಿಗೆ ಹರಿದು, ಸಲ್ಫೈಡ್ ಆಗಿದ್ದ ಬೆಳ್ಳಿ ಮತ್ತೆ ಲೋಹವಾಗುತ್ತದೆ. ಗಂಧಕ ಕಳಚಿಕೊಂಡು ನೀರಿಗೆ ಬರುತ್ತದೆ. ಸೋಡಾದ ಕೆಲಸ ಎಂದರೆ ಅಲ್ಯುಮಿನಿಯಂ ಮೇಲಿರುವ ಆಕ್ಸೈಡ್ ಪದರವನ್ನು ಸಡಿಲಿಸುವುದು, ನೀರಿನಲ್ಲಿ ವಿದ್ಯುತ್ ಹರಿಯಲು ದಾರಿ ಮಾಡುವುದು. ಸ್ವಲ್ಪ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮಕ್ಕಳು ಮೂಗು ಮುಚ್ಚಿಕೊಂಡಾಗ ನಾನು ಹೇಳುತ್ತೇನೆ, ಬೆಳ್ಳಿಯೊಳಗೆ ಸೇರಿದ್ದ ಗಂಧಕ ಹೊರಗೆ ಹೋಗುವ ವಾಸನೆ ಅದು ಅಂತ. ಕಿಟಕಿ ತೆರೆದಿಟ್ಟೇ ಮಾಡಬೇಕು.

ಉಜ್ಜಿದರೆ ಬೆಳ್ಳಿ ಸವೆಯುತ್ತದೆ, ಇಲ್ಲಿ ಬೆಳ್ಳಿ ವಾಪಸ್ ಬರುತ್ತದೆ ಅನ್ನುವುದು ಇದರ ಹೆಚ್ಚುಗಾರಿಕೆ. ಹಾಗಂತ ವಾಪಸ್ ಬಂದ ಬೆಳ್ಳಿ ಮೊದಲಿನ ನಯದಲ್ಲಿ ಕೂರುವುದಿಲ್ಲ. ಸಡಿಲವಾಗಿ, ಸಣ್ಣ ಸಣ್ಣ ರಂಧ್ರಗಳಿರುವ ಹಾಗೆ ಕೂರುತ್ತದೆ. ಹೊಳಪು ಸ್ವಲ್ಪ ಮಂಕು. ಅಂಥ ಮೇಲ್ಮೈ ಮುಂದಿನ ಸಲ ಇನ್ನೂ ಬೇಗ ಕಪ್ಪಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಆ ದ್ರಾವಣಕ್ಕೆ ಕೊಳೆ ಯಾವುದು, ಕೆಲಸಗಾರ ಹಾಕಿದ ಕಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. ನಿಮ್ಮ ಹಕ್ಕಿಯ ಗೆರೆಗಳೆಲ್ಲ ತೊಳೆದು ಹೋಗುತ್ತವೆ. ಮುತ್ತು, ಅಂಟಿಸಿದ ಹರಳು, ಟೊಳ್ಳು ಹಿಡಿಯ ಚಾಕು, ಇವುಗಳಿಗೂ ಈ ವಿಧಾನ ಬೇಡ. ನಯವಾದ ಸರಳ ಸರ, ಸಾದಾ ಚಮಚ ಆದರೆ ಯಾವಾಗಲೋ ಒಮ್ಮೆ ಮಾಡಬಹುದು.

ಒಂದು ಸಂಗತಿ ಹೇಳದೆ ಇರಲಾರೆ. ನಾವು ಕೊಳೆ ಅನ್ನುವ ಈ ಸಿಲ್ವರ್ ಸಲ್ಫೈಡನ್ನು ಮೈಕೆಲ್ ಫ್ಯಾರಡೆ 1833ರಲ್ಲಿ ಕಾಯಿಸಿ ನೋಡಿದ. ಲೋಹ ಬಿಸಿಯಾದರೆ ಅದರಲ್ಲಿ ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಇದರಲ್ಲಿ ಉಲ್ಟಾ, ಬಿಸಿಯಾದಷ್ಟೂ ಸಲೀಸು. ಇಂದು ನಾವು ಅರೆವಾಹಕ ಅನ್ನುವ ಗುಣವನ್ನು ಮೊದಮೊದಲು ಗುರುತಿಸಿದ್ದು ಅಲ್ಲಿ. ನಿಮ್ಮ ಡಬ್ಬಿಯ ಮೇಲಿರುವುದೂ ಅದೇ ವಸ್ತು.

ಸಣ್ಣಸರ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಕುತ್ತಿಗೆಯ ಬೆಳ್ಳಿ ಸರ ಹದಿನೈದು ದಿನಕ್ಕೇ ಕಪ್ಪಾಗುತ್ತದೆ. ತಂಗಿಯದ್ದು ಆಗುವುದಿಲ್ಲ. ಎರಡನ್ನೂ ಒಟ್ಟಿಗೇ ಕೊಂಡದ್ದು. ಮೈಯಲ್ಲಿ ಏನೋ ಕಾಯಿಲೆ ಇದ್ದರೆ ಹೀಗಾಗುತ್ತದೆ ಅನ್ನುತ್ತಾರೆ. ಹೌದಾ?

ಬೀಕರ್:

ಸರ ಕಪ್ಪಾಯಿತು ಅಂತ ಕಾಯಿಲೆ ಇದೆ ಅಂದುಕೊಳ್ಳಬೇಡಿ. ಬೆವರಿನಲ್ಲಿ ಉಪ್ಪು ಇರುತ್ತದೆ, ಗಂಧಕ ಇರುವ ವಸ್ತುಗಳೂ ಚೂರು ಇರುತ್ತವೆ. ಒಬ್ಬೊಬ್ಬರ ಬೆವರು ಒಂದೊಂದು ತರಹ. ಜೊತೆಗೆ ಮೈಗೆ ಹಚ್ಚುವ ಕ್ರೀಮು, ತಲೆಗೆ ಹಾಕುವ ಶಾಂಪೂ. ತಲೆಹೊಟ್ಟಿನ ಕೆಲವು ಶಾಂಪೂಗಳಲ್ಲಿ, ಚರ್ಮದ ಕೆಲವು ಮುಲಾಮುಗಳಲ್ಲಿ ಗಂಧಕವನ್ನೇ ಹಾಕಿರುತ್ತಾರೆ. ನೀವು ಬಳಸುವುದರ ಪಟ್ಟಿ, ತಂಗಿ ಬಳಸುವುದರ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಸ್ನಾನಕ್ಕೆ, ಈಜಿಗೆ ಹೋಗುವಾಗ ತೆಗೆದಿಡಿ. ಈಜುಕೊಳದ ಕ್ಲೋರಿನ್, ಬಟ್ಟೆಯ ಬ್ಲೀಚು ಬೆಳ್ಳಿಯನ್ನು ಗಂಧಕಕ್ಕಿಂತ ಕೆಟ್ಟದಾಗಿ ತಿನ್ನುತ್ತವೆ. ಗಂಧಕ ಮೇಲೆ ಪದರ ಕಟ್ಟುತ್ತದೆ, ಕ್ಲೋರಿನ್ ಗುಳಿ ಬೀಳಿಸುತ್ತದೆ.

ಕುಲುಮೆ:

ಉಪ್ಪಿನ ಮಾತು ಬಂತು ಅಂತ ಹೇಳುತ್ತೇನೆ. ಹಳೆಯ ಬೆಳ್ಳಿ ಉಪ್ಪಿನ ಬಟ್ಟಲುಗಳನ್ನು ನೋಡಿದರೆ ಎಷ್ಟೋ ಸಲ ಒಳಗಡೆ ಚಿನ್ನದ ನೀರು ಕೊಟ್ಟಿರುತ್ತಾರೆ, ಇಲ್ಲವೇ ಗಾಜಿನ ಪುಟ್ಟ ಬಟ್ಟಲು ಕೂರಿಸಿರುತ್ತಾರೆ. ಸೊಗಸಿಗಷ್ಟೇ ಮಾಡಿದ್ದಲ್ಲ. ಒದ್ದೆ ಉಪ್ಪು ತಾಗಿದ ಕಡೆ ಬೆಳ್ಳಿ ಗುಳಿ ಬೀಳುತ್ತದೆ ಅಂತ ಆ ಕೆಲಸಗಾರರಿಗೆ ಗೊತ್ತಿತ್ತು.

ಸಣ್ಣಸರ ಅವರೇ, ಮುಂದೆ ಹೊಸದು ಕೊಳ್ಳುವಾಗ ಎರಡು ದಾರಿ ಇದೆ. ಒಂದು ರೋಡಿಯಂ ಲೇಪ. ಪ್ಲಾಟಿನಂ ಗುಂಪಿನ ಲೋಹ ಅದು, ಗಂಧಕಕ್ಕೆ ಜಗ್ಗುವುದಿಲ್ಲ. ಆದರೆ ಲೇಪ ಬಹಳ ತೆಳು. ಸರದ ಕೊಂಡಿಗಳು ಒಂದಕ್ಕೊಂದು ಉಜ್ಜಿ ಅದು ಸವೆಯುತ್ತದೆ, ಸವೆದ ಕಡೆ ಮತ್ತೆ ಕಪ್ಪು. ಬಣ್ಣವೂ ಬೆಳ್ಳಿಯ ಬಿಳುಪಲ್ಲ, ಸ್ವಲ್ಪ ಬೂದಿ ಕಡೆಗೆ. ಇನ್ನೊಂದು ಆರ್ಜೆಂಟಿಯಂ ಅನ್ನುವ ಬೆಳ್ಳಿ. ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಜಾನ್ಸ್ ಅವರು 1990ರ ದಶಕದಲ್ಲಿ ರೂಪಿಸಿದ್ದು. ತಾಮ್ರದ ಒಂದು ಪಾಲಿನ ಬದಲು ಜರ್ಮೇನಿಯಂ ಸೇರಿಸುತ್ತಾರೆ. ಜರ್ಮೇನಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟಿ ಒಳಗಿನ ಬೆಳ್ಳಿಯನ್ನು ಕಾಯುತ್ತದೆ. ನಾನು ಅದರಲ್ಲಿ ಕೆಲಸ ಮಾಡಿದ್ದೇನೆ. ಕಾಯಿಸುವಾಗ ತಾಮ್ರದ ಕೆಂಪು ಕಲೆ ಏಳುವುದಿಲ್ಲ, ಅದೊಂದು ದೊಡ್ಡ ನೆಮ್ಮದಿ. ಎಂದೂ ಕಪ್ಪಾಗುವುದೇ ಇಲ್ಲ ಅಂತಲ್ಲ, ಬಹಳ ನಿಧಾನ.

ಬೆಳ್ಳಿ ಲೇಪದ ಸಾಮಾನಿಗೆ ಮಾತ್ರ ತಿಕ್ಕುವ ಪಾಲಿಷ್ ಬೇಡವೇ ಬೇಡ. ಲೇಪ ಹೋದರೆ ಒಳಗಿನ ಹಿತ್ತಾಳೆಯೋ ತಾಮ್ರವೋ ಹಲ್ಲು ಬಿಡುತ್ತದೆ.

ಉಗ್ರಾಣದವನು:

ಪುಟ್ಟಹಕ್ಕಿ ಅವರೇ, ಈಗ ನಿಮ್ಮ ಡಬ್ಬಿಯನ್ನು ಶುಚಿ ಮಾಡುವ ಬಗ್ಗೆ. ಅದ್ದಿ ತೆಗೆಯುವ ದ್ರಾವಣ ಅಂತ ಸಿಗುತ್ತದೆ. ಅದನ್ನು ತರಬೇಡಿ. ಅದರಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯ ಇರುತ್ತದೆ. ಕಪ್ಪನ್ನು ಕರಗಿಸುವಾಗ ಬೆಳ್ಳಿಯ ಮೇಲ್ಮೈಯನ್ನೂ ಕೆರೆಯುತ್ತದೆ, ಕೆತ್ತನೆಯ ಸಂದಿಯಲ್ಲಿ ಉಳಿದುಕೊಳ್ಳುತ್ತದೆ.

ಮೊದಲು ಕೈಗವಸು. ಬೆರಳಚ್ಚಿನ ಉಪ್ಪು ಬೆಳ್ಳಿಯ ಮೇಲೆ ಅಚ್ಚಾಗಿ ಕೂತುಬಿಡುತ್ತದೆ, ನೂರು ವರ್ಷ ಹಳೆಯ ಬಟ್ಟಲಿನ ಮೇಲೆ ಯಾರದೋ ಹೆಬ್ಬೆಟ್ಟನ್ನು ನಾನೇ ನೋಡಿದ್ದೇನೆ. ನೈಟ್ರೈಲ್ ಕೈಗವಸು ಇರಲಿ, ಲೇಟೆಕ್ಸ್ ಬೇಡ. ಲೇಟೆಕ್ಸ್ ಕೂಡ ಗಂಧಕ ಹಾಕಿದ ರಬ್ಬರೇ.

ಉಗುರು ಬೆಚ್ಚಗಿನ ನೀರಿನಲ್ಲಿ ಒಂದೆರಡು ಹನಿ ಮೆದು ಸೋಪು ಬೆರೆಸಿ, ಮೆತ್ತನೆಯ ಬಟ್ಟೆ ಅದ್ದಿ ಒರೆಸಿ. ಡಬ್ಬಿಯನ್ನೇ ಮುಳುಗಿಸಬೇಡಿ. ಮುಚ್ಚಳದ ಅಂಚಿನ ಮಡಿಕೆಯಲ್ಲಿ ನೀರು ಸೇರಿದರೆ ಒಣಗುವುದು ಕಷ್ಟ. ತಿಳಿ ಹಳದಿ ಇರುವ ಕಡೆ ಇಷ್ಟಕ್ಕೇ ಸ್ವಲ್ಪ ಹೋದರೂ ಹೋಗಬಹುದು. ಹೋಗದಿದ್ದರೆ ಬಹಳ ನುಣ್ಣಗಿನ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತಂದು, ಬಟ್ಟಿ ಇಳಿಸಿದ ನೀರಿನಲ್ಲಿ ಗಂಜಿಯಷ್ಟು ತೆಳ್ಳಗೆ ಕಲಸಿ. ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣವನ್ನು ಪುಡಿ ಮಾಡಿಕೊಳ್ಳಬೇಡಿ. ಅದು ಎಷ್ಟೋ ಸಲ ಜಿಪ್ಸಂ, ಒಳಗೆ ಮರಳಿನ ಕಣವೂ ಇರುತ್ತದೆ.

ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಉಬ್ಬಿದ ಭಾಗದ ಮೇಲೆ ಮಾತ್ರ, ನೇರವಾಗಿ ಒಂದೇ ದಿಕ್ಕಿಗೆ ಆಡಿಸಿ. ಒತ್ತಬೇಡಿ. ಹತ್ತಿ ಕಪ್ಪಾದ ಕೂಡಲೇ ಬಿಸಾಕಿ ಹೊಸದು ತೆಗೆದುಕೊಳ್ಳಿ. ಜಿಪುಣತನ ಮಾಡಿದರೆ ಆ ಕಪ್ಪೇ ಗೀರು ಹಾಕುತ್ತದೆ. ಗೆರೆಗಳ ಆಳಕ್ಕೆ ಹೋಗಬೇಡಿ. ಒಂದೇ ದಿನದಲ್ಲಿ ಮುಗಿಸಬೇಕು ಅಂತಲೂ ಇಲ್ಲ. ಪ್ರತಿ ಸಲ ಉಜ್ಜಿದಾಗಲೂ ಒಂದು ಪದರ ಬೆಳ್ಳಿ ಹತ್ತಿಗೆ ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಹಾಗಾಗಿ ಕನ್ನಡಿಯ ಹಾಗೆ ಆಗಬೇಕು ಅಂತ ಹಟ ಮಾಡಬೇಡಿ. ಪುಡಿ ಉಳಿಯದ ಹಾಗೆ ಒರೆಸಿ, ತಣ್ಣನೆ ಗಾಳಿಯಲ್ಲಿ ಪೂರ್ತಿ ಒಣಗಿಸಿ.

ಇನ್ನು ಇಡುವುದು. ನನಗೆ ಇದೇ ಮುಖ್ಯ, ಏಕೆಂದರೆ ಚೆನ್ನಾಗಿ ಇಟ್ಟರೆ ಮತ್ತೆ ಹತ್ತು ಹದಿನೈದು ವರ್ಷ ಉಜ್ಜುವ ಮಾತೇ ಬರದಿರಬಹುದು. ಬಣ್ಣ ಹಾಕದ ಹತ್ತಿ ಬಟ್ಟೆಯನ್ನು ಎರಡು ಸಲ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ ಅದರಲ್ಲಿ ಸುತ್ತಿ. ಬೆಳ್ಳಿಗೆಂದೇ ಮಾಡಿದ ಕಂದು ಬಣ್ಣದ ಬಟ್ಟೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ನೂಲಿನಲ್ಲಿ ಬೆಳ್ಳಿಯ ಸಣ್ಣ ಕಣಗಳೇ ಇರುತ್ತವೆ. ಬರುವ ಗಂಧಕವನ್ನು ಅವು ಮೊದಲು ಹಿಡಿದುಕೊಂಡು ನಿಮ್ಮ ಡಬ್ಬಿಯ ಬದಲು ತಾವು ಕಪ್ಪಾಗುತ್ತವೆ. ಅದನ್ನು ಪಾಲಿಥೀನಿನ ಜಿಪ್ ಚೀಲದಲ್ಲಿಟ್ಟು, ಒಳಗಿನ ಗಾಳಿ ಆದಷ್ಟು ಒತ್ತಿ ತೆಗೆದು ಮುಚ್ಚಿ. ಪಿವಿಸಿ ಪ್ಲಾಸ್ಟಿಕ್ ಬೇಡ, ಅದರಿಂದ ಕ್ಲೋರಿನ್ ಬರುತ್ತದೆ. ಪ್ಲಾಸ್ಟಿಕ್ ನೇರವಾಗಿ ಬೆಳ್ಳಿಗೆ ಅಂಟಿಕೊಳ್ಳುವುದೂ ಬೇಡ. ಚೀಲದೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಗಾಳಿಯ ತೇವ ನೂರಕ್ಕೆ ಐವತ್ತಕ್ಕಿಂತ ಕೆಳಗಿದ್ದರೆ ಕಪ್ಪಾಗುವ ವೇಗ ಚೆನ್ನಾಗಿ ತಗ್ಗುತ್ತದೆ. ಸಕ್ರಿಯ ಇದ್ದಿಲಿನ ಪೊಟ್ಟಣ ಗಂಧಕದ ಅನಿಲವನ್ನೇ ಹೀರುತ್ತದೆ. ಅದು ತುಂಬಿದ ಮೇಲೆ ಬದಲಾಯಿಸಬೇಕು, ವರ್ಷಕ್ಕೊಮ್ಮೆ ಬದಲಿಸಿದರೆ ಚಿಂತೆ ಇಲ್ಲ. ಸೀಮೆಸುಣ್ಣದ ತುಂಡು ಇಡುವ ರೂಢಿಯೂ ಇದೆ. ಅದು ಸ್ವಲ್ಪ ತೇವ ಎಳೆಯುತ್ತದೆ ಅಷ್ಟೇ, ಅದನ್ನೇ ನಂಬಿ ಕೂರಬೇಡಿ.

ಮೆರುಗೆಣ್ಣೆ ಹಚ್ಚಬಹುದಾ ಅಂತ ಮುಂದೆ ನಿಮಗೇ ಅನ್ನಿಸಬಹುದು. ಸಂಗ್ರಹಾಲಯಗಳಲ್ಲಿ ಹಚ್ಚುತ್ತಾರೆ. ಎಲ್ಲೂ ಬಿಡದ ಹಾಗೆ ಸಮನಾಗಿ ಹಚ್ಚುವುದು ನುರಿತ ಕೈಗೇ ಕಷ್ಟ. ಕೂದಲೆಳೆಯಷ್ಟು ಬಿಟ್ಟರೂ ಅಲ್ಲಿ ಕಪ್ಪು ಗೆರೆ ಬೆಳೆಯುತ್ತದೆ. ಕೈಯಲ್ಲಿ ಹಿಡಿಯುವ ಡಬ್ಬಿಗೆ ಅದು ಬೇಡ.

ಪುಟ್ಟಹಕ್ಕಿ:

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಶುಚಿ ಮಾಡಲು ನಾಲ್ಕು ಸಂಜೆ ಹಿಡಿಯಿತು. ಮೊದಲ ಸಂಜೆ ಬರೀ ತಳದ ಮೇಲೆ ಕೈ ಪಳಗಿಸಿಕೊಂಡೆ. ಹತ್ತಿ ಉಂಡೆಗಳನ್ನು ಎಣಿಸಿದೆ, ಎಂಬತ್ತೆರಡು ಆದವು. ಬದಿಯ ಕಂದು, ನೀಲಿ ಎಲ್ಲ ಹೋಯಿತು. ಎಲೆಗಳ ಸುತ್ತಲಿನ ಕಪ್ಪು ಹಾಗೇ ಇದೆ. ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡುತ್ತಾ ಮಾಡಿದೆ. ರಬ್ಬರಿನ ಒಂದು ಗೆರೆ ಪೂರ್ತಿ ಅಳಿಸಿತು. ಹಕ್ಕಿಯ ಕುತ್ತಿಗೆಯ ಮೇಲಿನದು ತೆಳ್ಳಗೆ ಉಳಿದಿದೆ. ಉಗುರು ಆಡಿಸಿದರೆ ಚೂರು ತಗ್ಗು ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿದೆ.

ಇನ್ನೊಂದು ಕೆಲಸ ಮಾಡಿದೆ. ನಿಮ್ಮ ಮಾತಿನ ಮೇಲೆ ನಂಬಿಕೆ ಇರಲಿಲ್ಲ ಅಂತಲ್ಲ, ಕಣ್ಣಾರೆ ನೋಡಬೇಕು ಅನ್ನಿಸಿತು. ತುಂಡಾದ ಒಂದು ಬೆಳ್ಳಿ ಸರದಿಂದ ನಾಲ್ಕು ಚೂರು ತೆಗೆದು ಒಂದೇ ತರಹ ಉಜ್ಜಿದೆ. ನಾಲ್ಕು ಗಾಜಿನ ಜಾಡಿಯಲ್ಲಿ ಒದ್ದೆ ಹತ್ತಿ ಇಟ್ಟೆ. ಒಂದರಲ್ಲಿ ರಬ್ಬರ್ ಬ್ಯಾಂಡ್, ಒಂದರಲ್ಲಿ ಅದೇ ಶಾಲಿನ ಉಣ್ಣೆ, ಒಂದರಲ್ಲಿ ಅದೇ ಪೆಟ್ಟಿಗೆಯ ರಟ್ಟು, ಒಂದರಲ್ಲಿ ಏನೂ ಇಲ್ಲ. ಮುಚ್ಚಿ ಒಂದೇ ಕಡೆ ಇಟ್ಟೆ. ರಬ್ಬರಿನ ಜಾಡಿಯ ಬೆಳ್ಳಿ ಐದನೇ ದಿನಕ್ಕೆ ಹಳದಿ, ಎರಡನೇ ವಾರಕ್ಕೆ ಕಂದು, ಈಗ ಕಪ್ಪು. ಉಣ್ಣೆಯದು ನಾಲ್ಕನೇ ವಾರಕ್ಕೆ ತಿಳಿ ಹಳದಿ. ರಟ್ಟಿನದ್ದೂ ಬರಿ ಜಾಡಿಯದ್ದೂ ಒಂದೇ ತರಹ, ಬೆಳ್ಳಗೇ ಇವೆ. ಹಾಗಾದರೆ ಆ ರಟ್ಟಿನ ಪೆಟ್ಟಿಗೆಯನ್ನೇ ಮತ್ತೆ ಬಳಸಬಹುದಾ?

ಬೀಕರ್:

ಬರಿ ಜಾಡಿ ಇಟ್ಟಿರಲ್ಲ, ಅದು ನೋಡಿ ಬಹಳ ಖುಷಿಯಾಯಿತು. ಅದಿಲ್ಲದಿದ್ದರೆ ಕಪ್ಪಾಗಿದ್ದು ರಬ್ಬರಿನಿಂದಲೋ, ಜಾಡಿಯಿಂದಲೋ, ಒದ್ದೆ ಹತ್ತಿಯಿಂದಲೋ ಹೇಳಲು ಆಗುತ್ತಿರಲಿಲ್ಲ. ನಿಮ್ಮ ಅಪ್ಪಣೆ ಇದ್ದರೆ ಈ ವರ್ಷ ನನ್ನ ಮಕ್ಕಳಿಗೂ ಇದನ್ನೇ ಮಾಡಿಸುತ್ತೇನೆ.

ಉಗ್ರಾಣದವನು:

ನೀವು ಮಾಡಿದ್ದಕ್ಕೆ ನಮ್ಮಲ್ಲಿ ಆಡಿ ಪರೀಕ್ಷೆ ಅನ್ನುತ್ತೇವೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ತಿಳಿಸಿಕೊಟ್ಟ ವಿಧಾನ ಅದು. ಕಪಾಟಿಗೆ ಹಾಕುವ ಬಟ್ಟೆ, ಹಲಗೆ, ಬಣ್ಣ, ಯಾವುದನ್ನೇ ಆಗಲಿ ಮೊದಲು ಬೆಳ್ಳಿ, ತಾಮ್ರ, ಸೀಸದ ಚೂರುಗಳ ಜೊತೆ ಮುಚ್ಚಿದ ಗಾಜಿನಲ್ಲಿ, ಸ್ವಲ್ಪ ನೀರು ಹಾಕಿ ಇಡುತ್ತಾರೆ. ಆದರೆ ಅದನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಡುತ್ತಾರೆ. ಆ ಬಿಸಿಯಲ್ಲಿ ವರ್ಷಗಳ ಕೆಲಸ ವಾರಗಳಲ್ಲಿ ಕಾಣುತ್ತದೆ. ನಿಮ್ಮ ಜಾಡಿಗಳು ಮನೆಯ ಬಿಸಿಯಲ್ಲಷ್ಟೇ ಇದ್ದವು. ರಬ್ಬರ್, ಉಣ್ಣೆ ತಪ್ಪಿತಸ್ಥ ಅಂತ ಖಚಿತವಾಯಿತು. ರಟ್ಟು ನಿರ್ದೋಷಿ ಅಂತ ಮಾತ್ರ ನಾಲ್ಕು ವಾರದಲ್ಲಿ ಹೇಳಲಾಗದು. ಆ ಎರಡು ಜಾಡಿಗಳನ್ನು ತೆರೆಯದೆ ಹಾಗೇ ಇನ್ನೊಂದು ವರ್ಷ ಬಿಡಿ. ಅಲ್ಲಿಯ ತನಕ ಡಬ್ಬಿ ಗಾಜಿನ ಭರಣಿಯಲ್ಲೋ ಪಾಲಿಥೀನ್ ಚೀಲದಲ್ಲೋ ಇರಲಿ.

ಕುತ್ತಿಗೆಯ ಗೆರೆ ಅಲ್ಲಿಗೇ ಬಿಟ್ಟದ್ದು ಸರಿಯಾಯಿತು. ಅದನ್ನು ತೆಗೆಯಬೇಕಾದರೆ ಸುತ್ತಲಿನ ಗರಿಗಳನ್ನೂ ಅಷ್ಟೇ ಆಳಕ್ಕೆ ತಗ್ಗಿಸಬೇಕಾಗುತ್ತಿತ್ತು.

ಪುಟ್ಟಹಕ್ಕಿ:

ಆಗಲಿ ಸರ್. ಎರಡು ಜಾಡಿಗಳ ಮೇಲೂ ಇವತ್ತಿನ ತಾರೀಕು ಬರೆದು ಅಂಟಿಸಿದ್ದೇನೆ. ಡಬ್ಬಿ ಹತ್ತಿ ಬಟ್ಟೆಯಲ್ಲಿದೆ, ಚೀಲದಲ್ಲಿದೆ. ಆದರೆ ಬೀರುವಿನ ತಳದಲ್ಲಿ ಅಲ್ಲ, ಕೈಗೆ ಎಟುಕುವ ಕಡೆ. ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ. ಬೀಕರ್ ಮೇಡಂ, ಮಕ್ಕಳಿಗೆ ಖಂಡಿತ ಮಾಡಿಸಿ. ಅವರ ರಬ್ಬರಿನ ಜಾಡಿ ಎಷ್ಟನೇ ದಿನಕ್ಕೆ ಹಳದಿಯಾಯಿತು ಅಂತ ಇಲ್ಲೇ ಬರೆಯಿರಿ.